ಬಳಕೆದಾರ ಹಂತದ ಇಂಟರಪ್ಟ್: ಇಂಥ ಕರ್ನೆಲ್ ಪ್ಯಾಚ್ ಪರಿಶೀಲಿಸಿದವರು ಯಾರಾದರೂ ಇದ್ದೀರಾ?

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಕೆಲಸ ಮಾಡುವವನು ನಾನು. ಇಷ್ಟು ದಿನ ಡ್ರೈವರ್‌ಗಳಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇನೆ, ಅಷ್ಟೆ. ಈಗ ತಂಡದ ಹಿರಿಯರೊಬ್ಬರು ಬಳಕೆದಾರ ಹಂತದ ಇಂಟರಪ್ಟ್‌ಗಾಗಿ ಲಿನಕ್ಸ್ ಕರ್ನೆಲ್ ಪ್ಯಾಚ್‌ಗಳನ್ನು ಬರೆದು, ಪರಿಶೀಲನೆಗೆ ನನ್ನ ಹೆಸರು ಹಾಕಿದ್ದಾರೆ. ಒಂದು ಪ್ರೋಗ್ರಾಂ ಇನ್ನೊಂದನ್ನು, ಲಿನಕ್ಸ್‌ನ ತಿರುಳಾದ ಕರ್ನೆಲ್ ನಡುವೆ ಬರದೆ, ನೇರವಾಗಿ ಕರೆಯುವ ಪ್ರೊಸೆಸರ್ ಸೌಲಭ್ಯ ಅದು. ಇಂಟೆಲ್‌ನವರು 2021ರ ಸೆಪ್ಟೆಂಬರ್‌ನಲ್ಲಿ ಚರ್ಚೆಗೆ ಇಟ್ಟ ಸರಣಿಯೇ ಇದಕ್ಕೆ ಮೂಲ. ಎರಡು ದಿನದಿಂದ ಓದುತ್ತಿದ್ದೇನೆ, ಎಲ್ಲವೂ ಸರಿಯಾಗಿರುವ ಹಾಗೆ ಕಾಣುತ್ತದೆ. ಹೆದರಿಕೆಯೂ ಅದಕ್ಕೇ. ಎಲ್ಲಿಂದ ಹಿಡಿಯಬೇಕು? ತಪ್ಪು ಸಿಕ್ಕಿದರೆ ಹಿರಿಯರಿಗೆ ಹೇಳುವುದು ಹೇಗೆ?

ಮಂಜೇಶ್ವರದಿಂದ:

ಮೊದಲು ಕೋಡ್ ಮುಚ್ಚಿಡಿ. ಇಂಟೆಲ್ ಕೈಪಿಡಿಯಲ್ಲಿ ಯುಪಿಐಡಿ ಎಂಬ 16 ಬೈಟುಗಳ ರಚನೆ ಇದೆ, ಕರೆ ಪಡೆಯುವ ಪ್ರತಿ ಟಾಸ್ಕ್‌ಗೂ (ಓಡುವ ಪ್ರೋಗ್ರಾಂಗೂ) ಒಂದೊಂದು, ಅದನ್ನು ಬಾಯಿಪಾಠ ಮಾಡಿಕೊಳ್ಳಿ. ದುಡ್ಡು ಕಳುಹಿಸುವ ಯುಪಿಐ ಐಡಿ ಅಲ್ಲ, ನಾನು ಮೊದಲ ದಿನ ಹಾಗೆಯೇ ಓದಿಕೊಂಡು ನಕ್ಕಿದ್ದೆ. ಅದರಲ್ಲಿ ನೆನಪಿಡಬೇಕಾದವು ನಾಲ್ಕೇ. ಪಿಐಆರ್ ಎಂದರೆ ಬಂದು ಬಿದ್ದಿರುವ ಕರೆಗಳ 64 ಬಿಟ್‌ಗಳು. ಓಎನ್ ಎಂದರೆ ಸೂಚನೆ ಆಗಲೇ ಹೊರಟಿದೆ ಎಂಬ ಗುರುತು. ಎಸ್‌ಎನ್ ಎಂದರೆ ಸದ್ಯಕ್ಕೆ ಸೂಚನೆ ಬೇಡ. ಎನ್‌ಡಿಎಸ್‌ಟಿ ಎಂದರೆ ಸೂಚನೆ ಯಾವ ಕೋರ್‌ಗೆ ಹೋಗಬೇಕು (ಪ್ರೊಸೆಸರ್‌ನ ಯಾವ ಘಟಕಕ್ಕೆ) ಎಂಬ ವಿಳಾಸ. ಸೆಂಡ್‌ಯುಐಪಿಐ ಎಂಬ, ಕಳುಹಿಸುವವ ಪ್ರೊಸೆಸರ್‌ಗೆ ಕೊಡುವ ಆದೇಶ ಮೊದಲು ಪಿಐಆರ್‌ನಲ್ಲಿ ಬಿಟ್ ಏರಿಸುತ್ತದೆ, ಅಂದರೆ 1 ಮಾಡುತ್ತದೆ. ಆಮೇಲೆ ಓಎನ್, ಎಸ್‌ಎನ್ ಎರಡೂ ಸೊನ್ನೆ ಇದ್ದರೆ ಮಾತ್ರ ಓಎನ್ ಏರಿಸಿ ಆ ಕೋರ್‌ಗೆ ಸೂಚನೆ ಕಳುಹಿಸುತ್ತದೆ. ಕರ್ನೆಲ್‌ಗೆ ಇದು ಗೊತ್ತೇ ಆಗುವುದಿಲ್ಲ. ಇಷ್ಟು ತಲೆಗೆ ಹೋದ ಮೇಲೆ ಕೋಡ್ ತೆರೆಯಿರಿ.

ಪೆರ್ಲದಿಂದ:

ಮಂಜೇಶ್ವರದ ಅಣ್ಣ ಹೇಳಿದ್ದು ಸರಿ. ನಾನು ಮುಗ್ಗರಿಸಿದ ಜಾಗವನ್ನೂ ಹೇಳಿಬಿಡುತ್ತೇನೆ. ಹೊಸ ಸಿಸ್ಟಂ ಕಾಲ್‌ಗಳು (ಪ್ರೋಗ್ರಾಂ ಕರ್ನೆಲ್‌ನ ನೆರವು ಕೇಳುವ ಬಾಗಿಲುಗಳು) ಎಲ್ಲರ ಕಣ್ಣಿಗೂ ಬೀಳುತ್ತವೆ, ಅಲ್ಲಿ ತಪ್ಪು ಕಡಿಮೆ. ತಪ್ಪು ಇರುವುದು ಟಾಸ್ಕ್ ಕೋರ್‌ನಿಂದ ಇಳಿಯುವಾಗ ಮತ್ತು ಮರಳಿ ಬಳಕೆದಾರ ಹಂತಕ್ಕೆ ಹೊರಡುವಾಗ, ಹತ್ತಿಪ್ಪತ್ತು ಸಾಲುಗಳಲ್ಲಿ.

ಯಕ್ಷಗಾನ ನೋಡಿದವರಿಗೆ ಹೀಗೆ ಹೇಳಬಹುದು. ವೇಷಧಾರಿ ಚೌಕಿಗೆ ಹೋದಾಗ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕುತ್ತಾನೆ: ಕೂಗಬೇಡಿ, ಚೀಟಿ ಹಾಕಿ ಹೋಗಿ. ಆ ಹಲಗೆಯೇ ಎಸ್‌ಎನ್. ಚೀಟಿಯ ಡಬ್ಬಿ ಪಿಐಆರ್. ಹೊರಗೆ ಬರುವಾಗ ಮೊದಲು ಡಬ್ಬಿ ನೋಡಬೇಕೋ, ಹಲಗೆ ತೆಗೆಯಬೇಕೋ?

ನಾನು ಪರಿಶೀಲಿಸಿದ ಪ್ಯಾಚ್‌ನಲ್ಲಿ ಮೊದಲು ಪಿಐಆರ್ ನೋಡಿ, ಖಾಲಿ ಎಂದು ಕಂಡ ಮೇಲೆ ಎಸ್‌ಎನ್ ಇಳಿಸುತ್ತಿದ್ದರು. ಓದುವಾಗ ಎಷ್ಟು ಸಹಜವಾಗಿತ್ತೆಂದರೆ ನಾನು ಒಪ್ಪಿಗೆ ಹಾಕಿದೆ. ನೋಡುವುದಕ್ಕೂ ಇಳಿಸುವುದಕ್ಕೂ ನಡುವೆ ಒಬ್ಬ ಚೀಟಿ ಹಾಕಿದರೆ, ಅವನಿಗೆ ಹಲಗೆ ಕಂಡಿರುತ್ತದೆ, ಕೂಗುವುದಿಲ್ಲ. ಇವನು ಡಬ್ಬಿ ನೋಡಿ ಆಗಿದೆ, ಮತ್ತೆ ನೋಡುವುದಿಲ್ಲ. ಕರೆ ಅಲ್ಲಿಯೇ ಬಿದ್ದಿರುತ್ತದೆ. ಎಸ್‌ಎನ್ ಇಳಿಸಿದ ನಂತರವೇ ಪಿಐಆರ್ ನೋಡಬೇಕು, ಏನಾದರೂ ಇದ್ದರೆ ಆ ಕೋರ್ ತನಗೆ ತಾನೇ ಸೂಚನೆ ಕಳುಹಿಸಿಕೊಳ್ಳಬೇಕು.

ತಮಾಷೆ ಏನೆಂದರೆ, ಎಂಟು ಮಂದಿ ಕಳುಹಿಸುವವರನ್ನು ಇಟ್ಟು ರಾತ್ರಿಯಿಡೀ ಓಡಿಸಿದ ಪರೀಕ್ಷೆ ಪಾಸಾಯಿತು. ಒಬ್ಬನ ಕರೆ ಬಿದ್ದಿದ್ದರೂ ಮುಂದಿನವನ ಸೂಚನೆ ಬಂದಾಗ ಡಬ್ಬಿಯಲ್ಲಿದ್ದುದೆಲ್ಲ ಒಟ್ಟಿಗೆ ತಲುಪಿಬಿಡುತ್ತಿತ್ತು. ಒಬ್ಬನೇ ಕಳುಹಿಸಿ ಉತ್ತರಕ್ಕೆ ಕಾಯುವ ಸಣ್ಣ ಪರೀಕ್ಷೆ ಬರೆದ ದಿನ, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕುಳಿತರು. ಭಾರ ಹೆಚ್ಚಿದಷ್ಟೂ ಈ ತಪ್ಪು ಅಡಗುತ್ತದೆ. ನಿಮ್ಮ ಹಿರಿಯರು ಯಾವ ಪರೀಕ್ಷೆ ಓಡಿಸಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ.

ಎನ್‌ಡಿಎಸ್‌ಟಿಯದೂ ಇದೇ ಜಾತಿಯ ಗೊಡವೆ. ಟಾಸ್ಕ್ ಬೇರೆ ಕೋರ್‌ಗೆ ಬಂದಿದೆ, ವಿಳಾಸ ಬದಲಿಸುವ ಮೊದಲೇ ಎಸ್‌ಎನ್ ಇಳಿಸಿ ಪಿಐಆರ್ ನೋಡಿದರು ಎಂದುಕೊಳ್ಳಿ. ಆಗ ಬಂದ ಸೂಚನೆ ಹಳೆಯ ಕೋರ್‌ಗೆ ಹೋಗಿ ವ್ಯರ್ಥವಾಗುತ್ತದೆ, ಓಎನ್ ಮಾತ್ರ ಏರಿಯೇ ಉಳಿಯುತ್ತದೆ. ಆಮೇಲೆ ಬಂದವರೆಲ್ಲ ಓಎನ್ ನೋಡಿ, ಸೂಚನೆ ಹೋಗಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ಟಾಸ್ಕ್ ಮುಂದಿನ ಬಾರಿ ಇಳಿದು ಹತ್ತುವವರೆಗೆ ಮೌನ. ಇದನ್ನು ನಾನು ಹಿಡಿದದ್ದು ಪರದೆಯ ಮೇಲಲ್ಲ. ಮಳೆಗೆ ಕರೆಂಟ್ ಹೋಗಿತ್ತು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಕಳುಹಿಸುವವ, ಬಲಕ್ಕೆ ಪಡೆಯುವವ ಎಂದು ಬರೆದು, ಬಲಬದಿಯ ಪ್ರತಿ ಸಾಲಿನ ಕೆಳಗೂ ಎಡಬದಿಯನ್ನು ತುರುಕಿ ನೋಡಿದೆ. ಇವತ್ತಿಗೂ ಹಾಗೆಯೇ ಮಾಡುತ್ತೇನೆ.

ಹೊಸೂರಿನಿಂದ:

ಪೆರ್ಲದವರು ಓಡುವ ಟಾಸ್ಕ್ ಬಗ್ಗೆ ಹೇಳಿದರು. ನಾನು ಸಾಯುವ ಟಾಸ್ಕ್ ಬಗ್ಗೆ ಹೇಳುತ್ತೇನೆ. ಕಳುಹಿಸುವವರ ಕೋಷ್ಟಕದಲ್ಲಿ ಪಡೆಯುವವನ ಯುಪಿಐಡಿಯ ವಿಳಾಸ ಇರುತ್ತದೆ. ಪಡೆಯುವವ ಮುಗಿದುಹೋದ, ಅವನ ಯುಪಿಐಡಿಯ ಜಾಗವನ್ನು ಕರ್ನೆಲ್ ಬಿಟ್ಟುಕೊಟ್ಟಿತು, ಕಳುಹಿಸುವವನಿಗೆ ಗೊತ್ತಿಲ್ಲ. ಅವನ ಮುಂದಿನ ಸೆಂಡ್‌ಯುಐಪಿಐ ಈಗ ಬೇರೆ ಯಾರದೋ ಆಗಿರುವ ಕರ್ನೆಲ್ ಜಾಗಕ್ಕೆ ಹೋಗಿ ಬರೆಯುತ್ತದೆ. ಕೆಎಎಸ್‌ಎಎನ್ (ಕರ್ನೆಲ್‌ನ ಮೆಮೊರಿ ತಪ್ಪು ಹುಡುಕುವ ಸಾಧನ) ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ. ಅದು ಕಾಯುವುದು ಕಂಪೈಲರ್ ಕಾವಲು ಹಾಕಿದ ಕರ್ನೆಲ್ ಕೋಡ್ ಅನ್ನು, ಇಲ್ಲಿ ಬರೆಯುವುದು ಪ್ರೊಸೆಸರ್ ತಾನೇ. ಆದ್ದರಿಂದ ಆ ಜಾಗವನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಕೈಯಾರೆ ಹಿಡಿದು ನೋಡಿ. ಕಡೆಯ ಕಳುಹಿಸುವವ ಕೈಬಿಡುವ ತನಕ ಆ ಜಾಗ ಉಳಿಯಬೇಕು. ಫೈಲ್ ಡಿಸ್ಕ್ರಿಪ್ಟರ್ (ಪ್ರೋಗ್ರಾಂಗೆ ಕರ್ನೆಲ್ ಕೊಟ್ಟ ಹಿಡಿಕೆ) ಮುಚ್ಚಿದರೆ ಎಲ್ಲ ಮುಗಿಯಿತು ಎಂದು ಕೋಡ್ ತಿಳಿದುಕೊಂಡಿದ್ದರೆ ಅಲ್ಲಿಯೇ ನಿಲ್ಲಿಸಿ ಪ್ರಶ್ನೆ ಕೇಳಿ. ಫೋರ್ಕ್ ಆದಾಗ (ಟಾಸ್ಕ್ ತನ್ನದೇ ನಕಲು ಹುಟ್ಟಿಸಿದಾಗ) ಮಗುವಿಗೆ ಅಪ್ಪನ ಯುಪಿಐಡಿ ಅಂಟಿಕೊಂಡು ಬರುತ್ತದೆಯೇ ಎಂಬುದನ್ನೂ.

ಕುಂಬಳೆಯಿಂದ:

ಹಿರಿಯರ ವಿಷಯ. "ಇಲ್ಲಿ ತಪ್ಪಿದೆ" ಎಂದು ಬರೆಯಬೇಡಿ, "ಚೆನ್ನಾಗಿದೆ" ಎಂದು ಜಾರಿಕೊಳ್ಳಲೂಬೇಡಿ. ಕ್ರಮವನ್ನೇ ಬರೆಯಿರಿ: ಈ ಸಾಲು ಮುಗಿದು ಮುಂದಿನ ಸಾಲಿಗೆ ಹೋಗುವ ಮೊದಲು ಎರಡನೆಯ ಕೋರ್‌ನಲ್ಲಿ ಸೆಂಡ್‌ಯುಐಪಿಐ ನಡೆದರೆ ಓಎನ್ ಯಾವಾಗ ಇಳಿಯುತ್ತದೆ, ಸರ್? ಅವರ ಬಳಿ ಉತ್ತರ ಇದ್ದರೆ ನೀವು ಕಲಿತಿರಿ. ಇಲ್ಲದಿದ್ದರೆ ಅವರೇ ಪ್ಯಾಚ್ ಹಿಂದೆಗೆದುಕೊಳ್ಳುತ್ತಾರೆ. ನಾನು ಒಮ್ಮೆ ಉಪದೇಶದ ಧಾಟಿಯಲ್ಲಿ ಬರೆದು, ಮೂರು ವಾರ ನಮ್ಮ ತಂಡದ ಹಿರಿಯರು ನನ್ನ ಜೊತೆ ಹವಾಮಾನ ಮಾತ್ರ ಮಾತನಾಡಿದರು.

ಬದಿಯಡ್ಕದಿಂದ:

ಎಲ್ಲರಿಗೂ ಉಪಕಾರವಾಯಿತು. ಕಾಗದ ತೆಗೆದುಕೊಂಡು ಕುಳಿತೆ. ಎಸ್‌ಎನ್, ಪಿಐಆರ್ ಕ್ರಮ ಸರಿಯಾಗಿದೆ, ಆದರೆ ಎನ್‌ಡಿಎಸ್‌ಟಿ ಬರೆಯುವುದು ಎರಡರ ನಂತರ. ಕುಂಬಳೆಯ ಅಣ್ಣ ಹೇಳಿದ ಹಾಗೆಯೇ ಕೇಳಿ ಕಳುಹಿಸಿದ್ದೇನೆ. ಇನ್ನೊಂದು ಸಂಶಯ: ಎನ್‌ಡಿಎಸ್‌ಟಿಗೆ ಬರೆಯುವಾಗ ಒಂದು ಕಡೆ ಕೋರ್‌ನ ಸಂಖ್ಯೆಯನ್ನು 8 ಬಿಟ್ ಎಡಕ್ಕೆ ಸರಿಸಿದ್ದಾರೆ, ಇನ್ನೊಂದು ಕಡೆ ಹಾಗೆಯೇ ಬಿಟ್ಟಿದ್ದಾರೆ. ಇದು ತಪ್ಪೇ?

ಮಂಜೇಶ್ವರದಿಂದ:

ತಪ್ಪಲ್ಲ. ಕೋರ್‌ನಲ್ಲಿ ಇಂಟರಪ್ಟ್ ನಿಭಾಯಿಸುವ ಘಟಕಕ್ಕೆ ಎರಡು ಸ್ಥಿತಿಗಳಿವೆ. ಎಕ್ಸ್‌ಎಪಿಐಸಿ ಸ್ಥಿತಿಯಲ್ಲಿ 8 ಬಿಟ್‌ಗಳ ಸಂಖ್ಯೆಯನ್ನು ಆ ಜಾಗದ ಎರಡನೆಯ ಬೈಟ್‌ನಲ್ಲಿ ಇಡಬೇಕು, ಎಕ್ಸ್‌2ಎಪಿಐಸಿಯಲ್ಲಿ 32 ಬಿಟ್ ಪೂರ್ತಿ ಬಳಕೆಯಾಗುತ್ತದೆ. ಯಾವ ಸ್ಥಿತಿ ಎಂದು ಕೇಳಿ ನೋಡಿಯೇ ಕವಲೊಡೆದಿದ್ದಾರೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.