ಮೀನಿನ ಟ್ಯಾಂಕ್ 'ಸೈಕಲ್' ಆಗೋದಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಅಕ್ವೇರಿಯಂ ಇಟ್ಟುಕೊಂಡವರ ಬಾಯಲ್ಲಿ ದಿನಾ ಓಡಾಡುವ ಒಂದು ಮಾತಿಗೆ ಕನ್ನಡದ ಪದ ಬೇಕಾಗಿದೆ. 'ಟ್ಯಾಂಕ್ ಸೈಕಲ್ ಆಯ್ತಾ?', 'ಸೈಕ್ಲಿಂಗ್ ಮುಗಿಯದೆ ಮೀನು ಬಿಡಬೇಡಿ' ಅಂತಾರಲ್ಲ, ಆ ಸೈಕ್ಲಿಂಗ್. ಹೊಸಬರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ, ಮೊದಲ ಪುಟದಲ್ಲೇ ಇದು ತೊಡರುತ್ತಿದೆ. ಸೈಕ್ಲಿಂಗ್ ಅಂದರೆ ನಮ್ಮಲ್ಲಿ ಪೆಡಲ್ ತುಳಿಯೋದೇ ಅಲ್ವಾ?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಅದರ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾನೇ ಬರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಅದು ಒಂದು ಮಟ್ಟದವರೆಗೆ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಎರಡು ಬಗೆಯೂ ಸಾಕಷ್ಟು ಇರೋದಿಲ್ಲ, ಬೆಳೆಯೋದೂ ನಿಧಾನ, ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಷ್ಟು ದಿನ ಮೀನು ಬಿಡದೆ, ಬರೀ ಅಮೋನಿಯಾ ಹಾಕಿ ಅವುಗಳನ್ನು ಸಾಕಬೇಕು. ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ಪರೀಕ್ಷೆ ಮಾಡಿದರೆ ಅಮೋನಿಯಾನೂ ಸೊನ್ನೆ, ನೈಟ್ರೈಟೂ ಸೊನ್ನೆ ಬಂದರೆ ಟ್ಯಾಂಕ್ ಸೈಕಲ್ ಆಯಿತು ಅಂತ ಲೆಕ್ಕ.

ಈಗ ಪದಕ್ಕೆ ಬರೋಣ. ಶಾಲೆಯ ವಿಜ್ಞಾನದಲ್ಲಿ 'ಸಾರಜನಕ ಚಕ್ರ' ಓದಿದ್ದೇವೆ, ಇಂಗ್ಲಿಷಿನವರ ಸೈಕಲ್ಲೂ ಅಲ್ಲಿಂದಲೇ ಬಂದದ್ದು. ಆದರೆ 'ಚಕ್ರ' ನನಗೆ ಒಪ್ಪಿಗೆ ಆಗುತ್ತಿಲ್ಲ. ಟ್ಯಾಂಕಿನೊಳಗೆ ಚಕ್ರ ಪೂರ್ತಿ ಸುತ್ತೋದೇ ಇಲ್ಲ! ನೈಟ್ರೇಟಿಗೆ ಬಂದು ನಿಂತುಬಿಡುತ್ತದೆ, ಮಿಕ್ಕಿದ್ದನ್ನು ಗಿಡಗಳು ಹೀರಬೇಕು ಅಥವಾ ನಾವು ನೀರು ಬದಲಿಸಿ ಹೊರಗೆ ಹಾಕಬೇಕು. ಸಾಲದ್ದಕ್ಕೆ 'ಟ್ಯಾಂಕನ್ನು ಚಕ್ರಗೊಳಿಸಿ' ಅಂತ ಬರೆದರೆ ಯಾರಿಗೆ ಏನು ಅರ್ಥವಾದೀತು.

'ನೀರು ಹದವಾಗಬೇಕು', 'ನೀರು ಸೆಟ್ ಆಗಬೇಕು' ಅನ್ನುವವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ನನ್ನ ದೊಡ್ಡ ತಕರಾರು ಇದರ ಮೇಲೇ. ಇಲ್ಲಿ ಹದವಾಗೋದು ನೀರಲ್ಲ. ಆ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರೋದು ತೀರಾ ಕಡಿಮೆ, ಜಾಸ್ತಿ ಇರೋದು ಫಿಲ್ಟರಿನ ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡು. 'ನೀರು' ಅಂದ ಕೂಡಲೇ ಜನ ಹಳೇ ನೀರನ್ನು ಜೋಪಾನ ಮಾಡುತ್ತಾರೆ, ಸ್ಪಂಜನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆಯುತ್ತಾರೆ. ನಲ್ಲಿ ನೀರಿನ ಕ್ಲೋರಿನ್ನಿಗೆ ವಾರಗಟ್ಟಲೆ ಬೆಳೆಸಿದ್ದೆಲ್ಲ ಸಾಯುತ್ತದೆ, ಆಮೇಲೆ ಬಿಟ್ಟ ಮೀನೂ ಸಾಯುತ್ತದೆ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿ ಅಂತ ಎಷ್ಟು ಹೇಳಿದರೂ, ಪದವೇ ದಾರಿ ತಪ್ಪಿಸುತ್ತಿದ್ದರೆ ಏನು ಮಾಡೋದು?

ಸದ್ಯಕ್ಕೆ ನನ್ನ ಆಯ್ಕೆ 'ಪಳಗಿಸು'. ಟ್ಯಾಂಕ್ ಪಳಗಿದೆ, ಪಳಗಿದ ಸ್ಪಂಜು, ಇನ್ನೂ ಪಳಗದ ಟ್ಯಾಂಕು. ಕ್ರಿಯಾಪದವಾಗಿ ಬಳಸೋಕೆ ಸುಲಭ, ಟ್ಯಾಂಕಿಗೂ ಸ್ಪಂಜಿಗೂ ಒಪ್ಪುತ್ತದೆ, ಕೆಲಸಕ್ಕೆ ಒಗ್ಗಿದೆ ಅನ್ನುವ ಅರ್ಥವೂ ಬಂತು. 'ಮಾಗಿದ ಟ್ಯಾಂಕ್' ಅಂತ ಒಬ್ಬರು ಸೂಚಿಸಿದರು. ಅದು ವರ್ಷಗಟ್ಟಲೆ ನಡೆದ ಟ್ಯಾಂಕಿಗೆ ಸರಿ ಅನಿಸುತ್ತದೆ, ಮೀನು ಬಿಡೋಕೆ ಈಗಷ್ಟೇ ತಯಾರಾದದ್ದಕ್ಕೆ ಅಲ್ಲ.

ಹಳೇ ಟ್ಯಾಂಕಿನ ಸ್ಪಂಜಿನ ತುಂಡೊಂದನ್ನು ಹೊಸ ಫಿಲ್ಟರಿಗೆ ಹಾಕಿದರೆ ಬ್ಯಾಕ್ಟೀರಿಯಾ ಬೇಗ ಹಬ್ಬುತ್ತವೆ, ಕಾಯುವ ದಿನಗಳೂ ಕಡಿಮೆಯಾಗುತ್ತವೆ. ಆ ತುಂಡಿಗೆ 'ಹೆಪ್ಪು' ಅಂತ ಕಣ್ಣುಮುಚ್ಚಿ ಬರೆದಿದ್ದೇನೆ. ಮೊಸರಿಗೆ ಹಾಕೋ ಹಾಗೇ ತಾನೇ. ಇದಕ್ಕೆ ಯಾರದ್ದಾದರೂ ವಿರೋಧ ಇದೆಯಾ?

ಇನ್ನೊಂದು ಕಷ್ಟ ನೈಟ್ರೈಟ್, ನೈಟ್ರೇಟ್. ಕನ್ನಡದಲ್ಲಿ ಬರೆದರೆ ನಡುವೆ 'ಟ್ರೈ', 'ಟ್ರೇ' ಅಷ್ಟೇ ವ್ಯತ್ಯಾಸ, ಅವಸರದಲ್ಲಿ ಓದುವವರಿಗೆ ಎರಡೂ ಒಂದೇ. ಕೊಳವೆಬಾವಿ ನೀರಿನ ಸುದ್ದಿಗಳಿಂದ ನೈಟ್ರೇಟ್ ಜನರಿಗೆ ಪರಿಚಯ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆದರೆ ಹೊಸ ಟ್ಯಾಂಕಿನಲ್ಲಿ ಮೊದಲು ಹೆದರಬೇಕಾದ್ದು ನೈಟ್ರೈಟಿಗೆ. ಪಕ್ಕದಲ್ಲಿ ರಾಸಾಯನಿಕ ಸೂತ್ರ ಬರೆಯೋಣ ಅಂದರೆ ಹೊಸಬರು ಪುಟವನ್ನೇ ಮಗುಚುತ್ತಾರೆ. 'ನಡುವಿನ ವಿಷ', 'ಕೊನೆಯ ಉಪ್ಪು' ಅಂತೆಲ್ಲ ಯೋಚಿಸಿದೆ, ಯಾಕೋ ಪತ್ತೇದಾರಿ ಕಾದಂಬರಿಯ ಹೆಸರಿನ ಹಾಗೆ ಕೇಳುತ್ತದೆ.

ಕುಮಟಾ, ಕುಂದಾಪುರದ ಕಡೆ ಸಿಗಡಿ ಸಾಕುವವರನ್ನು ಬಲ್ಲವರು ಇಲ್ಲಿದ್ದರೆ ದಯವಿಟ್ಟು ಕೇಳಿ ಹೇಳಿ: ಮರಿ ಬಿಡೋ ಮುಂಚೆ ಹೊಂಡ ತಯಾರು ಮಾಡೋದಕ್ಕೆ ಅವರ ಮಾತಿನಲ್ಲಿ ಏನಂತಾರೆ? ಅಲ್ಲಿ ಪದ ಇದ್ದರೆ 'ಪಳಗಿಸು' ಬಿಟ್ಟು ಅದನ್ನೇ ಹಾಕುತ್ತೇನೆ.