ತಮ್ಮನಿಗೆ ವಿಲ್ಸನ್ ಕಾಯಿಲೆ, ತಂಗಿಗೂ ಟೆಸ್ಟ್ ಮಾಡಿಸ್ಬೇಕಾ?

ಶಿರಾ_ಹುಡುಗ:
ಎಲ್ರಿಗೂ ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ, ಕೈ ನಡುಗೋದು, ಬರೆದ ಅಕ್ಷರ ಅವನಿಗೇ ಓದಕ್ಕಾಗದೇ ಇರೋದು, ಮಾತು ತೊದಲೋದು, ಜೊಲ್ಲು ಸುರಿಯೋದು ಎಲ್ಲಾ ಶುರುವಾಯ್ತು, ಮೊದ್ಲು ಓದೋ ಟೆನ್ಷನ್ ಅಂದ್ರು, ಆಮೇಲೆ ನಾಗದೋಷ ಅಂತ ಪೂಜೆನೂ ಆಯ್ತು, ಕೊನೆಗೆ ನ್ಯೂರಾಲಜಿ ಡಾಕ್ಟ್ರು ಕಣ್ಣಿಗೆ ಲೈಟ್ ಬಿಟ್ಟು ನೋಡಿ ಕರಿಗುಡ್ಡೆ ಅಂಚಲ್ಲಿ ಕಂದು ಉಂಗುರ ಇದೆ, ವಿಲ್ಸನ್ ಕಾಯಿಲೆ ಅಂದ್ರು. ರಕ್ತದಲ್ಲಿ ತಾಮ್ರ ಹೊತ್ಕೊಂಡು ಹೋಗೋ ಸೆರುಲೋಪ್ಲಾಸ್ಮಿನ್ ಅನ್ನೋ ಪ್ರೋಟೀನ್ ತೀರಾ ಕಮ್ಮಿ ಬಂತು. ಅಪ್ಪ ಮದ್ವೆ ಆಗಿರೋದು ಸ್ವಂತ ಅಕ್ಕನ ಮಗಳನ್ನ. ಆದ್ರೆ ಅವರಿಬ್ರೂ ಗಟ್ಟಿಯಾಗಿದಾರೆ, ಅಜ್ಜ ಅಜ್ಜಿಗೂ ಇದೆಲ್ಲ ಇರ್ಲಿಲ್ಲ, ಹಾಗಿದ್ಮೇಲೆ ಇದು ವಂಶದ್ದು ಹೇಗಾಗುತ್ತೆ? 14 ವರ್ಷದ ತಂಗಿಗೂ ಟೆಸ್ಟ್ ಮಾಡಿಸಿ ಅಂದಿದಾರೆ, ಅವಳು ಚೆನ್ನಾಗೇ ಇದಾಳೆ, ನಾಳೆ ಮದ್ವೆಗೆ ತೊಂದ್ರೆ ಆಗುತ್ತೆ ಬೇಡ ಅಂತಾಳೆ ಅಮ್ಮ. ನೆಂಟರು ಬೇರೆ ಎಲ್ಲಾ ಅಮ್ಮನಿಂದಲೇ ಬಂತು ಅಂತ ಆಡ್ಕೊಳ್ತಿದಾರೆ.

ಬಯಾಲಜಿ_ಮೇಡಂ:
ಖಂಡಿತ ಮಾಡಿಸಿ, ಮುಂದಕ್ಕೆ ಹಾಕ್ಬೇಡಿ. 13ನೇ ಕ್ರೋಮೋಸೋಮಲ್ಲಿ ಎಟಿಪಿ7ಬಿ ಅಂತ ಜೀನ್ ಇದೆ, ಲಿವರಲ್ಲಿ ಹೆಚ್ಚಾದ ತಾಮ್ರನ ಪಿತ್ತದ ಜೊತೆ ಆಚೆ ಕಳಿಸೋದು ಅದರ ಕೆಲ್ಸ. ಎಲ್ರಿಗೂ ಅಪ್ಪಂದೊಂದು ಅಮ್ಮಂದೊಂದು ಎರಡು ಕಾಪಿ ಇರುತ್ತೆ, ಒಂದು ಕೆಟ್ಟಿದ್ರೂ ಇನ್ನೊಂದು ನಿಭಾಯಿಸುತ್ತೆ, ಅಂಥವ್ರು ಬರೀ ಕ್ಯಾರಿಯರ್, ಕಾಯಿಲೆ ಬರಲ್ಲ. ನಿಮ್ಮ ಅಪ್ಪ ಅಮ್ಮ ಇಬ್ರೂ ಹಾಗೇ. ತಮ್ಮನಿಗೆ ಎರಡೂ ಕೆಟ್ಟಿರೋ ಕಾಪಿನೇ ಸಿಕ್ಕಿದೆ, ಆ ತಾಮ್ರ ಮೊದ್ಲು ಲಿವರಲ್ಲಿ ತುಂಬ್ಕೊಂಡು ಆಮೇಲೆ ಮೆದುಳಿಗೆ ಹೋಗಿ ನಡುಕ, ತೊದಲು ಎಲ್ಲಾ ಬಂದಿರೋದು. ಅಮ್ಮನ ಮೇಲೆ ಮಾತ್ರ ತಪ್ಪು ಹೊರಿಸೋದು ದೊಡ್ಡ ಅನ್ಯಾಯ, ಅರ್ಧ ಅಪ್ಪನಿಂದ ಬರ್ದೇ ಈ ಕಾಯಿಲೆ ಬರೋದೇ ಇಲ್ಲ, ಅದೂ ಅಲ್ದೆ ನಿಮ್ಮಲ್ಲಿ ಎರಡೂ ಕಡೆ ಒಂದೇ ಮನೆತನ ತಾನೆ. ಸಂಬಂಧದೊಳಗೆ ಮದ್ವೆ ಆದಾಗ ಒಂದೇ ಕೆಟ್ಟ ಕಾಪಿ ಇಬ್ರಲ್ಲೂ ಇರೋ ಚಾನ್ಸ್ ಜಾಸ್ತಿ, ಅದಕ್ಕೇ ನಮ್ಮ ಕಡೆ ಇಂಥ ಕಾಯಿಲೆ ಬಗ್ಗೆ ಇನ್ನೂ ಹುಷಾರಾಗಿರ್ಬೇಕು.

ತಂಗಿಗೆ ಕಾಯಿಲೆ ಇರೋ ಸಾಧ್ಯತೆ ನಾಲ್ಕರಲ್ಲೊಂದು. ಗಂಡು ಹೆಣ್ಣು ಅಂತ ವ್ಯತ್ಯಾಸ ಇಲ್ಲ. ತಮ್ಮನ ಜೀನ್ ಟೆಸ್ಟಲ್ಲಿ ಯಾವ ತಪ್ಪು ಅಂತ ಗೊತ್ತಾದ್ರೆ ಅವಳಲ್ಲಿ ಅದನ್ನೇ ಹುಡುಕಬಹುದು, ಜೊತೆಗೆ ಕಣ್ಣು, ಸೆರುಲೋಪ್ಲಾಸ್ಮಿನ್, ಲಿವರ್, 24 ಗಂಟೆ ಮೂತ್ರದ ತಾಮ್ರ ನೋಡ್ತಾರೆ.

ದೂರದ_ಬೆಟ್ಟ:
ನಮ್ಮಪ್ಪಂಗೆ ಹಂಟಿಂಗ್‌ಟನ್, ಅದೂ ವಂಶದಲ್ಲಿ ಬರೋ ಮೆದುಳಿನ ಕಾಯಿಲೆ. ಅದು 4ನೇ ಕ್ರೋಮೋಸೋಮಲ್ಲಿ ಸಿಎಜಿ ಅನ್ನೋ ಡಿಎನ್‌ಎ ಅಕ್ಷರಗಳು ಅತಿಯಾಗಿ ರಿಪೀಟ್ ಆಗಿ ಬರೋದು, ಆ ರಿಪೀಟ್ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಬದುಕಿದ್ದಷ್ಟು ದಿನದಲ್ಲಿ ಬಂದೇ ಬರುತ್ತೆ ಅಂತಾರೆ, ಒಂದು ಕೆಟ್ಟ ಕಾಪಿ ಸಾಕು, ನಂಗೆ ಫಿಫ್ಟಿ ಫಿಫ್ಟಿ. ತಡೆಯೋ ಔಷಧಿ ಇಲ್ಲ, ಹಾಗಾಗಿ ನಾನು ಕೌನ್ಸೆಲಿಂಗ್‌ಗೆ ಹೋಗಿ ಕೂತು ಮಾತಾಡಿ ಸದ್ಯಕ್ಕೆ ಟೆಸ್ಟ್ ಬೇಡ ಅಂತ ತೀರ್ಮಾನ ಮಾಡ್ದೆ, ಅದು ನನ್ನ ಹಕ್ಕು. ಆದ್ರೆ ನಿಮ್ದು ಹಾಗಲ್ಲ ಬ್ರದರ್. ಲಕ್ಷಣ ಬರೋ ಮುಂಚೆನೇ ಔಷಧಿ ಶುರು ಮಾಡಿದ್ರೆ ಆ ಹುಡುಗಿ ಓದಿ ಕೆಲ್ಸಕ್ಕೆ ಸೇರಿ ಎಲ್ಲರ ಥರ ಇರ್ಬಹುದು. ನಂಗೆ ಆ ಅವಕಾಶ ಇದ್ದಿದ್ರೆ ಒಂದು ದಿನಾನೂ ಕಾಯ್ತಿರ್ಲಿಲ್ಲ. ಅಮ್ಮಂಗೆ ಇದನ್ನ ಓದಿ ಹೇಳಿ.

ತುಮಕೂರು_ಅಕ್ಕ:
ನನ್ನ ಮಗನಿಗೂ ಇದೇ, ನಿಮ್ಹಾನ್ಸಲ್ಲಿ ತೋರಿಸ್ತೀವಿ, ಈಗ ಅಂಗಡಿ ಲೆಕ್ಕ ಅವನೇ ಬರೀತಾನೆ. ಮೈಯಲ್ಲಿರೋ ತಾಮ್ರನ ಆಚೆ ಹಾಕೋ ಪೆನಿಸಿಲಮೈನ್ ಮಾತ್ರೆ ಶುರು ಮಾಡಿದಾಗ ಕೆಲವ್ರಿಗೆ ನಡುಕ ಮೊದ್ಲಿಗಿಂತ ಜಾಸ್ತಿ ಆಗುತ್ತೆ, ಹಾಗಾದ್ರೆ ಅವತ್ತೇ ಡಾಕ್ಟ್ರಿಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸ್ಬೇಡಿ. ಚೆನ್ನಾಗಾದ್ಮೇಲೂ ನಿಲ್ಲಿಸೋ ಹಾಗಿಲ್ಲ, ಇದ್ದಕ್ಕಿದ್ದಂಗೆ ಬಿಟ್ರೆ ಲಿವರ್ ಕೈಕೊಟ್ಟು ಜೀವಕ್ಕೇ ಬರುತ್ತೆ. ನಮ್ಮತ್ತೆ ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಿಗ್ಗೆ ಒಳ್ಳೇದು ಅಂತ ಎಲ್ರಿಗೂ ಕೊಡೋರು, ಅದನ್ನ ಮೊದ್ಲು ಎತ್ತಿಟ್ವಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಲಿ ಅಡುಗೆನೂ ಬೇಡ. ಲಿವರ್ ಮಾಂಸ, ಗೋಡಂಬಿ, ಚಾಕ್ಲೇಟ್, ಅಣಬೆ ಕೂಡ ಶುರುನಲ್ಲಿ ಬಿಡ್ಸಿ.

ಮತ್ತೆ ತಂಗಿ ಬಗ್ಗೆ ಇಷ್ಟೊಂದು ಕೇಳಿದೀರ, ನಿಮ್ಮ ಬಗ್ಗೆ ಒಂದು ಮಾತೂ ಇಲ್ಲ. ನೀವೂ ಅದೇ ಅಪ್ಪ ಅಮ್ಮನ ಮಗ ಅಲ್ವಾ, ನಾಲ್ಕರಲ್ಲೊಂದು ಅನ್ನೋ ಲೆಕ್ಕ ನಿಮಗೂ ಇದೆ. ತಂಗಿನ ಕರ್ಕೊಂಡು ಹೋದ ದಿನಾನೇ ನಿಮ್ಮ ರಕ್ತನೂ ಕೊಟ್ಟು ಬನ್ನಿ.