ಸಹಾಯ ಬೇಕು: ಎಂಡ್ಯೂರನ್ಸ್ ಕುದುರೆ ಸವಾರಿ (ಬಹಳ ದೂರ ಓಡಿಸುವ ಸ್ಪರ್ಧೆ) ಗೊತ್ತಿರುವವರು ಯಾರಾದರೂ ಇದ್ದೀರಾ?

ನಮಸ್ಕಾರ್ರೀ, ನಾವು ಅಕ್ಕಲಕೋಟೆ ಕಡೆಯವರು. ತಮ್ಮನ ಮಗಳಿಗೆ ಅಂತರರಾಷ್ಟ್ರೀಯ ಎಂಡ್ಯೂರನ್ಸ್‌ಗೆ ಹೋಗಬೇಕು ಅಂತ ಒಂದೇ ಹಟ.

ನಿಯಮ ಎಲ್ಲಾ ಸ್ವಿಟ್ಜರ್‌ಲ್ಯಾಂಡಿನ ಎಫ್‌ಇಐ ಅನ್ನೋ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ್ದು, ನಮ್ಮ ದೇಶದಿಂದ ಇಎಫ್‌ಐ, ಅಂದರೆ ಭಾರತದ ಕುದುರೆ ಸವಾರಿ ಒಕ್ಕೂಟದ ಮೂಲಕವೇ ಹೋಗಬೇಕು, ಮೊದಲು ಚಿಕ್ಕ ದೂರದ ನಾವಿಸ್ (ಹೊಸಬರ) ಸವಾರಿಗಳನ್ನು ಮುಗಿಸಿ ಆಮೇಲೆ 1 ಸ್ಟಾರ್ ಹಂತ, ಅದೇ 100 ಕಿ.ಮೀ. ಮೇಲೆ. 3 ಸ್ಟಾರ್ ಅಂದರೆ 140ರಿಂದ 160! ಇಷ್ಟು ಗೊತ್ತು.

ಹುಡುಗಿ ಪಾಸಾದರೆ ಸಾಲದು, ಕುದುರೆಯೂ ಪಾಸಾಗಬೇಕಲ್ವಾ. ನಡುವೆ ದನದ ಡಾಕ್ಟರ್ ನೋಡುವಾಗ ಕುದುರೆಯ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕಂತೆ, ಕುಂಟಿದರೆ ಅಲ್ಲಿಗೇ ಮುಗೀತು. ನಮ್ಮ ಕುದುರೆ ರಾಣಿ ಜೋಳದ ಹೊಲದ ದಾರಿಯಲ್ಲಿ ಹತ್ತು ಕಿ.ಮೀ. ಓಡಿ ಬಂದರೆ ಅರ್ಧ ಗಂಟೆ ಪಕ್ಕೆ ಬಡಿದುಕೊಳ್ಳುತ್ತಲೇ ಇರುತ್ತದೆ, ನೀರು ಸುರಿದರೂ ಅಷ್ಟೇ.

ಸೊಲ್ಲಾಪುರ, ಕಲಬುರಗಿ ಸುತ್ತ ನಾವಿಸ್ ಸವಾರಿ ಎಲ್ಲಿ ನಡೆಯುತ್ತದೆ? ಕುದುರೆಗೆ ಮೈಕ್ರೋಚಿಪ್, ಪಾಸ್‌ಪೋರ್ಟ್ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ ಅಣ್ಣಾ, ಅಕ್ಕಾ. ಸುಮ್ನೆ ಏಜೆಂಟರ ನಂಬರ್ ಮಾತ್ರ ಬೇಡ.